ಖಾನಾಪುರಕ್ಕೆ ಹೋಗದ ಮಣ್ಣು

ಗಂಡ ನೇಮಣ್ಣ ತೀರಿಕೊಂಡ ಮರುವರ್ಷ ಕಾಂತಾ ಅವರು ಮಗ ಪಾರ್ಶ್ವನನ್ನು ಕೂರಿಸಿಕೊಂಡು, ಬಾವಿ ಗಲ್ಲಿಯ ಜಾಗ ಮಾರುವುದು ಬೇಡ ಎಂದರು. ಅಲ್ಲಿ ಗಲ್ಲಿಯ ಮಕ್ಕಳಿಗೆ ಒಂದು ಉದ್ಯಾನ ಮಾಡಿಸಬೇಕು, ಅದಕ್ಕೆ ಅಪ್ಪನ ಹೆಸರಿಡಬೇಕು ಎಂಬುದು ಅವರ ಆಸೆ. ಪಾರ್ಶ್ವನಿಗೆ ಟಿಳಕವಾಡಿಯಲ್ಲಿ ಮೋಟಾರ್‌ಸೈಕಲ್ ಬಿಡಿಭಾಗಗಳ ಅಂಗಡಿಯಿತ್ತು. ಜಾಗ ಮಾರಿದರೆ ಅಂಗಡಿ ದೊಡ್ಡದು ಮಾಡಬಹುದೆಂದು ಅವನ ಲೆಕ್ಕ. ಆದರೆ ತಾಯಿ ಬಾಯಿಬಿಟ್ಟು ಏನನ್ನಾದರೂ ಕೇಳುವುದೇ ಅಪರೂಪ. ಅವನು ಒಪ್ಪಿಕೊಂಡ.

ಬೆಳಗಾವಿಯ ಹಳೆಯ ಕಾರ್ಖಾನೆಗಳ ಬಾಜುವಿಗೆ ಇರುವ ಆ ಗಲ್ಲಿಯ ಕೊನೆಯಲ್ಲಿ ನೇಮಣ್ಣನ ಶೆಡ್ ಇತ್ತು. ಕಬ್ಬಿಣದ ಸಾಮಾನಿಗೆ ನಿಕ್ಕಲ್, ಕ್ರೋಮ್ ಹೊಳಪು ಕೊಡುವ ಕೆಲಸ. ಸೈಕಲ್ ಹ್ಯಾಂಡಲ್ಲು, ನಳದ ತೋಟಿ, ಬಾಗಿಲ ಹಿಡಿಕೆ, ಸ್ಕೂಟರಿನ ಬಂಪರು, ಹೀಗೆ ಮಂಕಾಗಿ ಬಂದದ್ದೆಲ್ಲ ಅಲ್ಲಿಂದ ಕನ್ನಡಿಯಂತೆ ಹೊರಟುಹೋಗುತ್ತಿತ್ತು. ನೇಮಣ್ಣ ನೇಮದ ಮನುಷ್ಯ. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟಿದವರಲ್ಲ. ಗಡ್ಡೆ ಕಿತ್ತರೆ ಮಣ್ಣಿನೊಳಗಿನ ಜೀವಕ್ಕೆ ನೋವೆಂದು ಬಟಾಟೆಯನ್ನೂ ಮನೆಗೆ ತಂದವರಲ್ಲ. ಶೆಡ್ಡಿನ ನಳಕ್ಕೂ ಬಿಳಿ ಬಟ್ಟೆ ಕಟ್ಟಿಸಿದ್ದರು, ಕೆಲಸದವರು ಸೋಸಿದ ನೀರನ್ನೇ ಕುಡಿಯಬೇಕು. ಗಲ್ಲಿಯಲ್ಲಿ ನಡೆಯುವಾಗ ಇರುವೆ ಸಾಲು ಕಂಡರೆ ದಾಟಿ ಕಾಲಿಡುತ್ತಿದ್ದ ಅವರನ್ನು ಅಲ್ಲಿನ ಜನ ಇವತ್ತಿಗೂ ನೆನೆಯುತ್ತಾರೆ. ಪ್ಲಾಸ್ಟಿಕ್ಕಿನ ಸಾಮಾನು ಬಂದ ಮೇಲೆ ಕೆಲಸ ಕಡಿಮೆಯಾಗಿ, ಕೊನೆಗೆ ಶೆಡ್ ಮುಚ್ಚಿತು. ತೊಟ್ಟಿಗಳು ಗುಜರಿಗೆ ಹೋದವು. ತಗಡು ತೂತುಬಿದ್ದು, ಜಾಗದ ತುಂಬ ಜಾಲಿ ಬೆಳೆಯಿತು.

ಉದ್ಯಾನದ ಕೆಲಸ ಮಳೆಗಾಲದ ನಡುವೆ, ಮಳೆ ಬಿಟ್ಟು ಹೊಳವಾದ ಒಂದು ವಾರದಲ್ಲಿ ಶುರುವಾಯಿತು. ಗೌಂಡಿ ಬಂಡೆಪ್ಪ ಕಾರಂಜಿಗೆಂದು ನಡುವಿನಲ್ಲಿ ತೆಗ್ಗು ತೋಡಿಸಿದ್ದ. ಕಾಂತಾ ಅವರು ಶಿವಬಸವ ನಗರದಿಂದ ಆಟೋದಲ್ಲಿ ಬಂದು ನೋಡುವಷ್ಟರಲ್ಲಿ ತೆಗ್ಗಿನ ತಳದಲ್ಲಿ ನೀರು ನಿಂತಿತ್ತು. ಮಳೆನೀರು ಕೆಂಪಗೆ ರಾಡಿಯಾಗಿರಬೇಕು. ಇದು ತಿಳಿಯಾಗಿತ್ತು, ಆದರೆ ನಿಂಬೆ ಸಿಪ್ಪೆಯಂತೆ ಹಳದಿ. ಬಂಡೆಪ್ಪ ಕೈಗೆ ಹತ್ತಿದ ಸಿಮೆಂಟು ತೊಳೆಯಲು ಬಗ್ಗಿದ.

"ಬಂಡೆಪ್ಪಾ, ಆ ನೀರಾಗ ಕೈ ಹಾಕಬ್ಯಾಡ," ಎಂದರು ಕಾಂತಾ.

ಅವನು ಅರ್ಥವಾಗದೆ ತಲೆಯೆತ್ತಿದ. ಅವರಿಗೆ ಆ ಬಣ್ಣದ ಗುರುತಿತ್ತು. ಮದುವೆಯಾಗಿ ಬಂದಾಗಿನಿಂದ ಗಂಡನ ಅಂಗಿಗಳನ್ನು ಒಗೆದದ್ದು ಅವರೇ. ತೋಳಿನ ತುದಿಗೆ ಹತ್ತುತ್ತಿದ್ದ ಆ ಹಳದಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ, ಒಗೆದ ಕೈ ಸಂಜೆಯವರೆಗೆ ಉರಿಯುತ್ತಿತ್ತು. ಅಂದೇ ಕೆಲಸ ನಿಲ್ಲಿಸಿದರು.

ಅವರ ಮನೆಯ ಪಕ್ಕದಲ್ಲಿ ಪೂರ್ಣಿಮಾ ಎಂಬ ತರುಣಿಯಿದ್ದಳು. ಊರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮಣ್ಣು, ನೀರಿನ ವಿಷಯ ಪಾಠ ಮಾಡುವವಳು. ಅವಳು ಜಾಗದ ನಾಲ್ಕಾರು ಕಡೆಯಿಂದ ಮಣ್ಣು, ತೆಗ್ಗಿನ ನೀರು, ಗಲ್ಲಿಯ ಬಾವಿಯ ನೀರು ಎಲ್ಲವನ್ನೂ ಒಯ್ದು ಪರೀಕ್ಷೆ ಮಾಡಿಸಿದಳು. ಬಂದು ಹೇಳುವಾಗ ಅವಳ ದನಿ ಇಳಿದಿತ್ತು.

"ಕಾಕು, ಕ್ರೋಮ್‌ನಾಗ ಎರಡು ನಮೂನಿ ಅದ. ಒಂದು ಮಣ್ಣಿಗೆ ಅಂಟಿಕೊಂಡು ಸುಮ್ಮನ ಕೂಡತದ. ಇನ್ನೊಂದು ನೀರಿನ ಕೂಡ ಹರಕೋತ ಹೋಗತದ. ಅದು ವಿಷ. ನಿಮ್ಮ ಜಾಗದಾಗ ಇರೂದು ಆ ಎರಡನೇದು."

"ಬಾವ್ಯಾಗ?"

"ಬಾವ್ಯಾಗೂ ಅದ. ಬಣ್ಣ ಕಾಣುವಷ್ಟು ಇಲ್ಲ. ಆದ್ರ ಕುಡ್ಯಾಕ ಬರೂದಿಲ್ಲ."

"ಕುಡದವರಿಗೆ ಏನಾಗತೈತಿ?"

"ಬ್ಯಾನಿ ಬರಬಹುದು. ಯಾರಿಗೆ, ಯಾವಾಗ ಅಂತ ಹೇಳಾಕ ಆಗೂದಿಲ್ಲ, ಕಾಕು."

ನಳದ ನೀರು ಬರದ ದಿನಗಳಲ್ಲಿ ಗಲ್ಲಿಯವರಿಗೆಲ್ಲ ಆ ಬಾವಿಯೇ ಗತಿ. ಅದು ಕಾಂತಾ ಅವರಿಗೆ ಗೊತ್ತಿತ್ತು.

ಪಾರ್ಶ್ವ ಕೆಟ್ಟ ಮಗನಲ್ಲ. ಆದರೆ ಸುದ್ದಿ ಕೇಳಿದ ಕೂಡಲೇ ಅವನಿಗೆ ಹೊಳೆದದ್ದು ಮುಚ್ಚುವ ದಾರಿ. "ಅವ್ವಾ, ಮ್ಯಾಲ ಎರಡ ಫೂಟ ಒಳ್ಳೆ ಮಣ್ಣ ಹಾಕಿ ಹುಲ್ಲ ಬೆಳಸೂಣು. ಗಾರ್ಡನ್ ಆಗತೈತಿ, ಎಲ್ಲಾರೂ ಖುಷ್ ಆಗತಾರ."

"ಹುಲ್ಲ ಬೆಳದ್ರ ಬಾವಿ ಸುದ್ದ ಆಗತೈತೇನಪಾ?"

"ಹಂಗಲ್ಲ. ಹೇಳಿದ್ರ ಅಪ್ಪನ ಹೆಸರು ಏನಾಗತೈತಿ ವಿಚಾರ ಮಾಡು. ಇರುವೆ ತುಳೀಲಾರದ ಮನಷ್ಯಾ ಬಾವಿಗೆ ವಿಷಾ ಹಾಕಿದ ಅಂತಾರ."

ಮುಂದಿನ ಕೆಲವು ದಿನ ಕಾಂತಾ ಅವರು ಬಸದಿಗೆ ಹೋದರೂ ಯಾರೊಡನೆಯೂ ಮಾತಾಡದೆ ಮರಳಿದರು. ಮಣ್ಣೂ ಒಂದು ಜೀವ, ನೀರೂ ಒಂದು ಜೀವ ಎಂದು ಚಿಕ್ಕ ಮಕ್ಕಳಿಗೆ ಅಲ್ಲಿ ಪಾಠ ಹೇಳಿಕೊಟ್ಟವರು ಅವರು. ಅದೇ ಮಾತನ್ನು ಬಾಯಿಪಾಠ ಮಾಡಿಕೊಂಡ ನೇಮಣ್ಣ ತೊಟ್ಟಿ ತೊಳೆದ ನೀರನ್ನು ಹಿತ್ತಲಿನ ಗುಂಡಿಗೆ ಬಿಡುತ್ತಿದ್ದರು. ಅದನ್ನು ಅವರು ಎಂದೂ ಬಚ್ಚಿಟ್ಟಿರಲಿಲ್ಲ. ಆಗ ಎಲ್ಲ ಶೆಡ್ಡಿನವರೂ ಹಾಗೆಯೇ ಬಿಡುತ್ತಿದ್ದರು. "ಭೂಮಿತಾಯಿ ಎಲ್ಲಾ ನುಂಗತಾಳ," ಎಂದು ನೇಮಣ್ಣ ಒಮ್ಮೆ ಹೇಳಿದ್ದು ಕಾಂತಾ ಅವರಿಗೆ ನೆನಪಾಯಿತು. ಗಂಡನಿಗೆ ಗೊತ್ತಿತ್ತೆ, ಗೊತ್ತಿರಲಿಲ್ಲವೆ, ಅಥವಾ ಗೊತ್ತು ಮಾಡಿಕೊಳ್ಳುವುದು ಬೇಡವಾಗಿತ್ತೆ? ಕೇಳಬೇಕಾದವರು ಈಗ ಇರಲಿಲ್ಲ. ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಕಾಯುತ್ತ ಕೂತರೆ ಗಲ್ಲಿಯವರು ಆ ನೀರನ್ನೇ ಸೇದುತ್ತಿರುತ್ತಾರೆ ಎಂದು ಒಂದು ಬೆಳಿಗ್ಗೆ ಅನಿಸಿತು. ಪೂರ್ಣಿಮಾಳನ್ನು ಕರೆದುಕೊಂಡು ಹೊರಟರು.

ಬಾವಿಯ ಎದುರಿನ ಮನೆ ಪ್ರಮಿಳಾಳದು. ಊರಿನ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಸಂಸಾರ ನಡೆಸುವವಳು. ಅವಳ ಕೈಯ ಮೇಲೆ ಹುಣ್ಣಿನ ಕಲೆಗಳಿದ್ದವು. ಅವಳ ಕಟ್ಟೆಯ ಮೇಲೆ ಕೂತು, ಸುತ್ತ ನಾಲ್ಕು ಮನೆಯ ಹೆಂಗಸರನ್ನು ಕರೆಸಿ, ಕಾಂತಾ ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಮ್ಮ ಶೆಡ್ಡಿನಿಂದ ಆಗಿದೆ, ಈ ಬಾವಿಯ ನೀರು ಇನ್ನು ಮುಟ್ಟಬೇಡಿ. ಯಾರೂ ಕೂಗಾಡಲಿಲ್ಲ. ಒಬ್ಬಾಕೆ ಎದ್ದು ಹೋಗಿ ಸೇದಿಟ್ಟ ಕೊಡದ ನೀರನ್ನು ಮೋರಿಗೆ ಚೆಲ್ಲಿದಳು. ಬಾವಿಗೆ ಜಾಳಿಗೆ ಬಿತ್ತು, ಟ್ಯಾಂಕರ್ ಬರತೊಡಗಿತು, ಸ್ವಲ್ಪ ತಡವಾಗಿ ಹೊಸ ನಳವೂ ಬಂತು.

ಆದರೆ ಸುದ್ದಿ ಗಲ್ಲಿಯೊಳಗೇ ನಿಲ್ಲಲಿಲ್ಲ. ಬಾವಿ ಗಲ್ಲಿಯ ನೀರು ವಿಷವಂತೆ ಎಂದು ಊರಾಯಿತು. ಪ್ರಮಿಳಾ ಈಗ ಹಿಟ್ಟು ಕಲಸುತ್ತಿದ್ದದ್ದು ಹೊಸ ನಳದ ನೀರಿನಲ್ಲಿ. ಅದನ್ನು ಕೇಳುವವರಾರು? ಖಾನಾವಳಿಗಳು ಒಂದೊಂದಾಗಿ ಅವಳ ರೊಟ್ಟಿ ಬಿಟ್ಟವು. ಮತ್ತೊಮ್ಮೆ ಕಾಂತಾ ಅವರು ಬಂದಾಗ ಅವಳು ಕುಂದರ್ರಿ ಎನ್ನಲಿಲ್ಲ.

"ನೀವು ಖರೇ ಹೇಳಿ ಹಗರ ಆದ್ರಿ, ಅಕ್ಕಾರ," ಎಂದಳು. "ನನ್ನ ಹಂಚು ತಣ್ಣಗ ಕುಂತೈತಿ."

ಕಾಂತಾ ಅವರು ಪೂರ್ಣಿಮಾಳನ್ನು ಜತೆಗೆ ಕರೆದುಕೊಂಡು, ಕ್ಯಾಂಪ್ ಪ್ರದೇಶದಿಂದ ಹಿಡಿದು ಟಿಳಕವಾಡಿಯವರೆಗಿನ ಖಾನಾವಳಿಗಳಿಗೆ ಒಂದೊಂದಕ್ಕೂ ನಡೆದರು. ತಪ್ಪು ನಮ್ಮ ಮನೆಯದು, ಆ ಹೆಣ್ಣುಮಗಳ ರೊಟ್ಟಿಯದಲ್ಲ ಎಂದು ಗಲ್ಲಾದ ಮುಂದೆ ನಿಂತು ವಿವರಿಸಿದರು. ಕೆಲವರು ರೊಟ್ಟಿ ಮತ್ತೆ ತರಿಸಿಕೊಂಡರು, ಕೆಲವರು ನೋಡೋಣ ಎಂದರು. ಪ್ರಮಿಳಾ ಇದನ್ನು ಕೇಳಿ ತಿಳಿದಳು, ಆದರೂ ಬಹಳ ದಿನ ಅವರೊಡನೆ ಮಾತಾಡಲಿಲ್ಲ.

ಇನ್ನು ಆ ಜಾಗವನ್ನು ಏನು ಮಾಡುವುದು? ಕೆಟ್ಟ ಮಣ್ಣನ್ನು ಎತ್ತಿ ದೂರದ ವಿಷತ್ಯಾಜ್ಯದ ಗುಂಡಿಗೆ ಕಳಿಸಬೇಕು, ಇಲ್ಲವೆ ಅಲ್ಲೇ ಇಟ್ಟು ಅದರ ವಿಷವನ್ನು ಸುಮ್ಮನಾಗಿಸಿ, ನೀರಿಳಿಯದಂತೆ ಮೇಲೆ ಮುಚ್ಚಬೇಕು ಎಂದು ಪೂರ್ಣಿಮಾ ಹೇಳಿದಳು. ಎರಡಕ್ಕೂ ಕಚೇರಿಗಳ ಒಪ್ಪಿಗೆ ಬೇಕು, ಎರಡೂ ನಿಧಾನದ ಕೆಲಸ. ಅಷ್ಟರಲ್ಲಿ ಪಾರ್ಶ್ವನಿಗೆ ಒಬ್ಬ ಗುತ್ತಿಗೆದಾರ ಗಂಟುಬಿದ್ದ. ಲಾರಿಯಲ್ಲಿ ಮಣ್ಣು ಎತ್ತಿಸಿಬಿಡುತ್ತೇನೆ, ಖಾನಾಪುರದಲ್ಲಿ ಮುಚ್ಚಿಹೋದ ಹಂಚಿನ ಕಾರ್ಖಾನೆಯ ತೆಗ್ಗುಗಳಿವೆ, ಮಾಲೀಕರ ಹತ್ತಿರ ಮಾತಾಡಿಯೂ ಆಗಿದೆ ಎಂದ. ಪಾರ್ಶ್ವನಿಗೆ ತಲೆಯ ಮೇಲಿನ ಕಲ್ಲು ಇಳಿದಂತಾಯಿತು. ಊಟದ ಹೊತ್ತಿಗೆ ತಾಯಿಗೆ ಹೇಳಿದ.

"ಯಾರ ಕಾರ್ಖಾನಿ ಅಂದ?"

"ಗುರುಪುತ್ರಪ್ಪ ಅಂತ ಯಾರೋ."

ಕಾಂತಾ ಅವರ ತವರು ಖಾನಾಪುರ. ಗುರುಪುತ್ರಪ್ಪ ಅವರ ತಂದೆಯ ಮನೆಯ ಓಣಿಯವನು, ಶಾಲೆಯಲ್ಲಿ ಅವರಿಗಿಂತ ಎರಡು ತರಗತಿ ಕೆಳಗೆ ಇದ್ದವನು. ಮರುದಿನ ಬೆಳಿಗ್ಗೆ ಅವರು ಖಾನಾಪುರದ ಬಸ್ಸು ಹತ್ತಿದರು.

ಕಾರ್ಖಾನೆಯ ಚಿಮಣಿ ಇನ್ನೂ ನಿಂತಿತ್ತು. ಹಂಚು ಮಾಡುತ್ತಿದ್ದ ಕಾರ್ಖಾನೆಯ ಮಾಡಿನ ಮೇಲೆಯೇ ಅರ್ಧ ಹಂಚು ಇರಲಿಲ್ಲ. ಹಿಂದೆ, ತಲೆಮಾರುಗಳ ಕಾಲ ಮಣ್ಣು ತೆಗೆದ ತೆಗ್ಗುಗಳಲ್ಲಿ ನೀರು ತುಂಬಿತ್ತು. ಒಂದು ದಂಡೆಯಲ್ಲಿ ಎಮ್ಮೆಗಳು ಮುಳುಗಿ ಕೂತಿದ್ದವು. ಇನ್ನೊಂದು ಕಡೆ ಮುದುಕನೊಬ್ಬ ಬಲೆ ಬಿಡಿಸುತ್ತಿದ್ದ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ಮರಾಠಿಯಲ್ಲಿ, ಯಾರ ಮನೆಯವರೆಂದು ಕೇಳಿದಳು. ಕಾಂತಾ ಅವರು ತಂದೆಯ ಹೆಸರು ಹೇಳಿದ್ದೇ ತಡ, ಅವಳು ಎದ್ದು ಕೈ ಒರೆಸಿಕೊಂಡು, ನಿಮ್ಮ ತಾಯಿ ನಮ್ಮ ಅಜ್ಜಿಗೆ ಬಹಳ ಬೇಕಾದವರು ಎಂದಳು.

ಗುರುಪುತ್ರಪ್ಪ ಕುರ್ಚಿ ತಂದು ಹಾಕಿದ. ಹಣೆಯ ಮೇಲೆ ವಿಭೂತಿ, ಮೊಣಕೈವರೆಗೆ ಮಡಚಿದ ತೋಳು. "ಬರ್ರಿ ಕಾಂತಕ್ಕ, ಕುಂದರ್ರಿ. ಎಷ್ಟ ವರ್ಷ ಆತ್ರಿ."

"ಗುರಣ್ಣ, ಬೆಳಗಾಂವಿಯಿಂದ ಮಣ್ಣ ಬರತೈತಿ ಅಂತ ಯಾರರ ಹೇಳ್ಯಾರೇನು?"

"ಹೂಂ. ಯಾವುದೋ ಹಳೇ ಕಟ್ಟಡಾ ಕೆಡವಿದ್ದ ಮಣ್ಣಂತ. ಹಾಕ್ರಿ ಅಂದೀನಿ. ತೆಗ್ಗ ತುಂಬಿದ್ರ ಪ್ಲಾಟ ಮಾಡಬಹುದಲ್ಲ. ಜಾಗಾ ಸುಮ್ಮನ ಬಿದ್ದೈತಿ."

"ಅದು ನಮ್ಮ ಶೆಡ್ಡಿನ ಮಣ್ಣು. ಅದರಾಗ ವಿಷಾ ಐತಿ."

ಗುರುಪುತ್ರಪ್ಪ ನೀರಿನ ಕಡೆ ನೋಡಿದ. "ನೀವು ಇದನ್ನ ಹೇಳಾಕ ಬಂದ್ರಿ?"

"ಹೌದು. ಅಲ್ಲಿ ಒಂದು ಬಾವಿ ಹೋತು. ಅದನ್ನ ಇಲ್ಲಿಗೆ ತಂದು ಹಾಕಿದ್ರ ನಾ ಏನ ಮಾಡಿದಂಗ ಆತು?"

ಅವನು ಚಹಾ ತರಿಸಿದ. ನೇಮಣ್ಣ ಹೋದ ಸುದ್ದಿ, ಕಾರ್ಖಾನೆ ನಿಂತ ಸುದ್ದಿ ಎಲ್ಲ ಬಂತು. ಜನ ಮನೆಗೆ ಸ್ಲ್ಯಾಬು ಹಾಕಲು ಶುರು ಮಾಡಿದ ಮೇಲೆ ಹಂಚಿನ ಕಾಲ ಮುಗಿಯಿತೆಂದ. ತೆಗ್ಗಿನಲ್ಲಿ ಬೇಸಿಗೆಯಲ್ಲೂ ನೀರು ಬತ್ತುವುದಿಲ್ಲ, ಈ ಮಣ್ಣು ನೀರನ್ನು ಕೆಳಗೆ ಬಿಡುವುದಿಲ್ಲ ಎಂದು ಮಾತಿನ ನಡುವೆ ಹೇಳಿದ. ನೀರಿಳಿಯದಂತೆ ಮೇಲೆ ಮುಚ್ಚಬೇಕೆಂಬ ಪೂರ್ಣಿಮಾಳ ಮಾತು ಕಾಂತಾ ಅವರ ಕಿವಿಯಲ್ಲಿತ್ತು. ಅಂಗಳದ ಆಚೆ, ಹಂಚಿಗೆಂದು ಒಟ್ಟಿ ಬಳಸದೆ ಉಳಿದ ಮಣ್ಣಿನ ಗುಡ್ಡೆಯ ಮೇಲೆ ಹುಲ್ಲು ಬೆಳೆದಿತ್ತು. ಅದನ್ನು ನೋಡುತ್ತ, "ಆ ಮಣ್ಣ ನಮಗ ಬೇಕಾಗಬಹುದು," ಎಂದರು.

ಮನೆಗೆ ಬಂದು ಮಗನಿಗೆ ಎಲ್ಲ ಹೇಳಿದರು, ಬಲೆ ಬಿಡಿಸುವ ಮುದುಕನನ್ನೂ ಬಟ್ಟೆ ಒಗೆಯುವ ಹೆಂಗಸನ್ನೂ ಸೇರಿಸಿ. ಗುತ್ತಿಗೆದಾರ ಅದನ್ನು ಕಟ್ಟಡದ ಮಣ್ಣು ಎಂದು ಹೇಳಿದ್ದ ಎಂಬುದು ಪಾರ್ಶ್ವನಿಗೆ ಗೊತ್ತಿರಲಿಲ್ಲ. ಅವನು ಮುಖ ತಗ್ಗಿಸಿದ. "ನಾನೂ ಕೇಳಲಿಲ್ಲವ್ವಾ. ಕೇಳಬೇಕಿತ್ತು," ಎಂದು, ಅಲ್ಲೇ ಫೋನು ತೆಗೆದು ಲಾರಿ ಬೇಡವೆಂದ. ಆಮೇಲೆ ಕಚೇರಿಗಳಿಗೆ ಅಲೆಯುವ ಕೆಲಸ ಅವನೇ ವಹಿಸಿಕೊಂಡ.

ಮಣ್ಣನ್ನು ಅಲ್ಲೇ ಇಟ್ಟು ಮುಚ್ಚುವುದಕ್ಕೆ ಒಪ್ಪಿಗೆ ಬರುವ ಹೊತ್ತಿಗೆ ಇನ್ನೊಂದು ಮಳೆಗಾಲ ಕಳೆದಿತ್ತು. ಒಂದು ಭಾನುವಾರ ಶೆಡ್ಡಿನ ಮುಂದೆ ಗಲ್ಲಿಯವರ ಸಭೆ ಸೇರಿತು. ಮೇಲೆ ಏನು ಬರಬೇಕೆಂಬುದನ್ನು ಅಲ್ಲಿ ಬದುಕುವವರೇ ಹೇಳಬೇಕೆಂದು ಪೂರ್ಣಿಮಾ ಹಟ ಹಿಡಿದಿದ್ದಳು. ಏನು ಬರಬಾರದೆಂಬುದನ್ನು ಮೊದಲೇ ಹೇಳಿದಳು: ಆಳದ ಪಾಯ ಬೇಡ, ಬೇರು ಇಳಿಯುವ ಗಿಡ ಬೇಡ, ತಿನ್ನುವುದನ್ನು ಬೆಳೆಯುವುದಂತೂ ಬೇಡವೇ ಬೇಡ. ಹಿಂದಿನ ಸಾಲಿನಲ್ಲಿ ಒಬ್ಬರು, ಹಾಗಾದರೆ ಗೋಡೆ ಕಟ್ಟಿ ಬೀಗ ಹಾಕಿಬಿಡಿ ಎಂದರು. ಹಲವರು ಹೌದೆಂದು ತಲೆಯಾಡಿಸಿದರು.

ಆಗ ಪ್ರಮಿಳಾ ಎದ್ದಳು. ಅವಳು ಸಭೆಗೆ ಬಂದದ್ದೇ ಕಾಂತಾ ಅವರಿಗೆ ಅಚ್ಚರಿ.

"ಬೀಗಾ ಹಾಕಿದ್ರ ನಮ್ಮ ಗಲ್ಲಿಗೆ ಬೀಗಾ ಹಾಕಿದಂಗ ಆಗತೈತ್ರಿ," ಎಂದಳು. "ಗ್ವಾಡಿ ನೋಡಿದಾಗೊಮ್ಮೆ ಜನಾ ಅಲ್ಲಿ ವಿಷಾ ಐತಿ ಅಂತಾರ. ನಮ್ಮ ಮನಿಗೆ ಹೆಣ್ಣ ಕೊಡಂಗಿಲ್ಲ, ನಮ್ಮ ಕೈಲಿ ರೊಟ್ಟಿ ತಗೊಳ್ಳಂಗಿಲ್ಲ. ಸರಿ ಮಾಡಿದ್ದು ಖರೇ ಆದ್ರ ಅದರ ಮ್ಯಾಲ ನಾವು ನಡದಾಡಬೇಕು. ಊರಿನ ಮಂದಿನೂ ಬಂದು ನಡದಾಡಬೇಕು."

"ಹಂಗಾದ್ರ ಏನ ಮಾಡೂಣು?" ಎಂದು ಪೂರ್ಣಿಮಾ ಕೇಳಿದಳು.

"ಮಕ್ಕಳು ರಸ್ತಾದಾಗ ಆಡತಾವು, ಟೆಂಪೋ ಬರತಾವು. ಅವಕ್ಕ ಆಡಾಕ ಒಂದು ಫರಸಿ ಕಲ್ಲಿನ ಅಂಗಳಾ ಮಾಡ್ರಿ. ಮುಂದಿನ ಬಾಜು ವಾರಕ್ಕೊಮ್ಮೆ ಸಣ್ಣ ಸಂತಿ ಹಚ್ಚೂಣು. ನಾ ಅಲ್ಲೇ ಕುಂತು ರೊಟ್ಟಿ ಮಾರತೀನಿ. ಹ್ಯಾಂಗ ಬರೂದಿಲ್ಲ ನೋಡತೀನಿ ಮಂದಿ."

ಕೊನೆಗೆ ಒಪ್ಪಿದ್ದು ಅದೇ ಯೋಜನೆ.

ಕೆಲಸ ಚಳಿಗಾಲದಲ್ಲಿ ಹಿಡಿದು ಬೇಸಿಗೆಯ ಕೊನೆಗೆ ಮುಗಿಯಿತು. ಖರ್ಚಿನಲ್ಲಿ ಅರ್ಧ ಕಾಂತಾ ಅವರ ಮನೆಯದು, ಅರ್ಧ ಊರಿನದು. ಮುಖಗವಸು, ರಬ್ಬರ್ ಬೂಟು ಹಾಕಿದವರು ವಿಷ ಸುಮ್ಮನಾಗಲೆಂದು ಹಿತ್ತಲಿನ ಮಣ್ಣಿಗೆ ಅನ್ನಭೇದಿ ಬೆರೆಸಿದರು. ಗಲ್ಲಿಯ ಹಿರಿಯ ಹೆಂಗಸರು ಕಬ್ಬಿಣಾಂಶದ ಆ ಹಸಿರು ಉಪ್ಪನ್ನು ಹೆಸರಿನಿಂದಲೇ ಗುರುತಿಸಿ ನಕ್ಕರು, ಅವರ ಕಾಲದಲ್ಲಿ ಅದು ಔಷಧಿಯ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಕೊಳವೆಗಳನ್ನು ಇಳಿಸಿ ಅಡಿಯ ನೀರಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ನೀರಾಗಿಸಿ ಬಿಟ್ಟರು. ಸಿಹಿ ತಿಂದ ಮಣ್ಣಿನ ಸೂಕ್ಷ್ಮಜೀವಿಗಳು ಬೆಳೆದು, ಹರಿಯುವ ಕ್ರೋಮನ್ನು ಹರಿಯದ ಕ್ರೋಮ್ ಮಾಡುತ್ತವೆ ಎಂದು ಪೂರ್ಣಿಮಾ ವಿವರಿಸಿದಾಗ ಕಾಂತಾ ಅವರು ಎರಡೆರಡು ಸಲ ಕೇಳಿ ತಿಳಿದುಕೊಂಡರು. ಆಮೇಲೆ ಖಾನಾಪುರದ ಮಣ್ಣು ಬಂತು. ಗುರುಪುತ್ರಪ್ಪ ಮೊದಲ ಲಾರಿಯ ಜತೆಗೆ ತಾನೇ ಬಂದು, ಪದರು ಪದರಾಗಿ ಬಡಿದು ಕೂರಿಸುವುದನ್ನು ನಿಂತು ನೋಡಿದ. ಅದರ ಮೇಲೆ ಜಲ್ಲಿ, ಅದರ ಮೇಲೆ ಫರಸಿ, ಸುತ್ತ ಮಳೆನೀರು ಹೊರಗೆ ಹೋಗಲು ಚರಂಡಿ. ನೆರಳಿಗೆ ಗಿಡಗಳು ದೊಡ್ಡ ಸಿಮೆಂಟ್ ತೊಟ್ಟಿಗಳಲ್ಲಿ ಬಂದವು.

ಹೆಸರಿನ ಪ್ರಶ್ನೆ ಉಳಿದಿತ್ತು. ಅಪ್ಪನ ಹೆಸರು ಇಡುವುದು ಬೇಡ, ಸುಮ್ಮನಿದ್ದುಬಿಡೋಣ ಎಂದ ಪಾರ್ಶ್ವ. ಕಾಂತಾ ಅವರು ಕಲ್ಲಿನ ಫಲಕವೊಂದನ್ನು ಕನ್ನಡ, ಮರಾಠಿ ಎರಡರಲ್ಲೂ ಕೆತ್ತಿಸಿದರು. "ಇಲ್ಲಿ ನೇಮಣ್ಣನವರ ಪ್ಲೇಟಿಂಗ್ ಶೆಡ್ ಇತ್ತು. ಅದರ ಕ್ರೋಮ್ ಈ ನೆಲದಡಿ ಇದೆ. ಅದನ್ನು ಮುಚ್ಚಿ ಕಾಯಲಾಗುತ್ತಿದೆ. ಯಾರೂ ಇಲ್ಲಿ ಅಗೆಯಬಾರದು."

ಓದಿ ಪಾರ್ಶ್ವನ ಕಣ್ಣು ತುಂಬಿತು. "ಇದ ಬರೀಬೇಕಿತ್ತೇನವ್ವಾ?"

"ನಾಳೆ ನಾವು ಇರಂಗಿಲ್ಲ. ಯಾರೋ ಬಂದು ಬೋರ್ ಹೊಡಸತಾರ. ಅವರಿಗೆ ಯಾರ ಹೇಳಬೇಕು?" ಎಂದರು. ಆಮೇಲೆ, "ನಿಮ್ಮಪ್ಪ ಬದುಕಿದ್ರ ಬರಸತಿದ್ರು ಅಂತ ನಾ ತಿಳಕೊಂಡೀನಿ. ಖರೇನೋ ಸುಳ್ಳೋ, ನನಗ ಗೊತ್ತಿಲ್ಲ. ಹಂಗ ತಿಳಕೊಂಡು ಇರತೀನಿ," ಎಂದರು.

ಈಗ ಅಲ್ಲಿ ಸಂಜೆ ಮಕ್ಕಳು ಲಗೋರಿ ಆಡುತ್ತಾರೆ. ಗುರುವಾರದ ಸಂತೆಗೆ ಸುತ್ತಲ ಗಲ್ಲಿಗಳ ಜನರೂ ಬರುತ್ತಾರೆ, ಮೊದಮೊದಲು ಬರದಿದ್ದವರು ಕೂಡ. ಪ್ರಮಿಳಾಳ ರೊಟ್ಟಿ ಕತ್ತಲಾಗುವ ಮುಂಚೆ ಮುಗಿಯುತ್ತದೆ. ಕಾಂತಾ ಅವರೊಡನೆ ಅವಳು ಮಾತಾಡುತ್ತಾಳೆ, ಹಳೆಯ ಸಲಿಗೆ ಮಾತ್ರ ಪೂರ್ತಿ ಬಂದಿಲ್ಲ. ಅವಳ ಕೈಯ ಮೇಲಿನ ಹುಣ್ಣಿನ ಕಲೆಗಳು ಆ ನೀರಿನಿಂದಲೇ ಆದವೆ ಎಂದು ವೈದ್ಯರು ಖಚಿತವಾಗಿ ಹೇಳಲಿಲ್ಲ. ಇಬ್ಬರೂ ಆ ಮಾತು ಎತ್ತುವುದಿಲ್ಲ. ಬಾವಿಯಲ್ಲಿ ಕ್ರೋಮ್ ಇಳಿಯುತ್ತಿದೆ, ಆದರೆ ಜಾಳಿಗೆ ತೆಗೆಯುವಷ್ಟು ಇನ್ನೂ ಇಳಿದಿಲ್ಲ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ನೀರಿನ ಮಾದರಿ ತೆಗೆಯಲು ಪೂರ್ಣಿಮಾಳ ಜತೆ ಪಾರ್ಶ್ವ ಅಂಗಡಿ ಮುಚ್ಚಿ ಹೋಗುತ್ತಾನೆ.

ಹೋದ ದೀಪಾವಳಿಯ ನಂತರ ಶಿವಬಸವ ನಗರದ ಮನೆಗೆ ಸುಜಯ ಎಂಬ ಮಧ್ಯವಯಸ್ಸಿನವನೊಬ್ಬ ಬಂದ. ಅವನ ತಂದೆಗೂ ಊರಿನ ಇನ್ನೊಂದು ಬದಿಗೆ ಇಂಥದೇ ಶೆಡ್ ಇತ್ತು, ಮುಚ್ಚಿ ಬಹಳ ಕಾಲವಾಗಿತ್ತು. ಕೊಳ್ಳುವವರು ಬಂದಿದ್ದಾರೆ, ಆದರೆ ಬಾವಿ ಗಲ್ಲಿಯ ಕಲ್ಲು ಓದಿದ ಮೇಲೆ ನಿದ್ದೆ ಹತ್ತುತ್ತಿಲ್ಲ ಎಂದ. ಮಣ್ಣಿನ ಪರೀಕ್ಷೆಯ ವಿಷಯ ಕೇಳಿದ, ಅನ್ನಭೇದಿಯ ವಿಷಯ ಕೇಳಿದ. ಕೇಳಬೇಕಾದದ್ದನ್ನು ಕೊನೆಗೆ ಇಟ್ಟುಕೊಂಡಿದ್ದ.

"ಬಾಜು ಮನ್ಯಾವರಿಗೆ ಹ್ಯಾಂಗ ಹೇಳಬೇಕ್ರಿ, ಅವ್ವಾರ?"

"ಅವರ ಮನಿಗೆ ನೀವ ಹೋಗಬೇಕು," ಎಂದರು ಕಾಂತಾ. "ಅವರನ್ನ ಕರಸಬ್ಯಾಡ್ರಿ. ಹೇಳಿದ ಮ್ಯಾಲ ಅವರು ಏನ ಅಂದ್ರೂ ಕೇಳಕೊಂಡು ಕುಂದರಬೇಕು. ನಮ್ಮ ಹೊಟ್ಟಿ ತಣ್ಣಗ ಆಗಲಿ ಅಂತ ಹೇಳೂದಲ್ಲ ಅದು. ಹೇಳಿದ ಮ್ಯಾಲ ಕೆಲಸ ಶುರು ಆಗತೈತಿ."

ಸುಜಯ ಹೂಂ ಎಂದ, ಆದರೆ ಎದ್ದು ಹೊರಡಲಿಲ್ಲ. ಕಾಂತಾ ಅವರು ಒಳಗೆ ಹೋಗಿ ಶಾಲು ಹೊದ್ದು ಬಂದು, ಬಾಗಿಲ ಬಳಿ ಚಪ್ಪಲಿ ಮೆಟ್ಟಿದರು.

"ನಡೀರಿ," ಎಂದರು. "ಮೊದಲನೇ ಮನಿಗೆ ನಾನೂ ಬರತೀನಿ."